ವಕ್ರಗತಿಯ ಜಾಡು: ನೆಪ್ಚೂನ್ ಆಚೆಯ ಗ್ರಹಗಳನ್ನು ಹುಡುಕುವುದು ಹೇಗೆ?

ಪಂಚಾಂಗದಲ್ಲಿ ‘ಶನಿ ವಕ್ರಿ’ ಎಂಬುದನ್ನು ನೋಡಿರುತ್ತೀರಿ. ಶನಿ ನಿಜವಾಗಿ ಹಿಂದಕ್ಕೆ ನಡೆಯುವುದಿಲ್ಲ. ಒಳಗಿನ ಕಕ್ಷೆಯಲ್ಲಿ ಜೋರಾಗಿ ಸಾಗುವ ಭೂಮಿ ಅದನ್ನು ಹಿಂದೆ ಹಾಕುವಾಗ ನಮಗೆ ಹಾಗೆ ಕಾಣುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆಬದಿಯ ಮರ ಸರ್ರನೆ ಹಿಂದೆ ಸರಿಯುತ್ತದೆ, ದೂರದ ಗುಡ್ಡ ನಿಧಾನಕ್ಕೆ. ದೂರ ಹೆಚ್ಚಿದಷ್ಟೂ ಸರಿಯುವುದು ಕಡಿಮೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಉಳಿದದ್ದು ಸಲೀಸು.

ಪ್ಲೂಟೋ ಸಿಕ್ಕಿದ್ದು ಹೀಗೆಯೇ. ಕ್ಲೈಡ್ ಟೊಂಬಾ ಕಾನ್ಸಾಸ್‌ನ ರೈತನ ಮಗ, ಆಗ 24 ವರ್ಷ. ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ಆತ ಸೂರ್ಯನಿಗೆ ನೇರ ಎದುರಿನ ಆಕಾಶವನ್ನೇ ಆರಿಸಿಕೊಂಡು ಫೋಟೊ ತೆಗೆಯುತ್ತಿದ್ದ. ವಕ್ರಗತಿ ಜೋರಾಗಿರುವುದು ಅಲ್ಲಿಯೇ. ಬೇರೆ ಕಡೆ ನೋಡಿದರೆ ಹತ್ತಿರದ ಕ್ಷುದ್ರಗ್ರಹವೂ ನಿಂತಂತೆ ಕಂಡು, ದೂರದ ಗ್ರಹವೇನೋ ಎಂಬ ಭ್ರಮೆ ಹುಟ್ಟಿಸಬಹುದು. ಈ ಸೂಕ್ಷ್ಮ ಅನೇಕ ಪುಸ್ತಕಗಳಲ್ಲಿ ಬಿಟ್ಟುಹೋಗಿರುತ್ತದೆ; ನನಗಂತೂ ಅವನ ಜಾಣ್ಮೆ ಇರುವುದೇ ಇಲ್ಲಿ.

1930ರ ಜನವರಿ 23 ಮತ್ತು 29ರಂದು ಮಿಥುನ ರಾಶಿಯ ಒಂದೇ ಭಾಗದ ಎರಡು ಗಾಜಿನ ಪ್ಲೇಟ್‌ಗಳು ಸಿದ್ಧವಾದವು. ಫೆಬ್ರವರಿ 18ರ ಮಧ್ಯಾಹ್ನ ಟೊಂಬಾ ಅವನ್ನು ಬ್ಲಿಂಕ್ ಕಂಪ್ಯಾರೇಟರ್ ಎಂಬ ಹೋಲಿಕೆಯ ಉಪಕರಣದಲ್ಲಿ ಇಟ್ಟು, ಒಮ್ಮೆ ಇದು, ಒಮ್ಮೆ ಅದು ಎಂದು ಅದಲುಬದಲು ಮಾಡುತ್ತ ನೋಡಿದ. ನಕ್ಷತ್ರಗಳೆಲ್ಲ ಇದ್ದಲ್ಲೇ ಇದ್ದವು. ಒಂದು ಮಸುಕು ಚುಕ್ಕೆ ಮಾತ್ರ 3.5 ಮಿಲಿಮೀಟರ್ ಅತ್ತಿತ್ತ ನೆಗೆಯಿತು.

ಲೆಕ್ಕ ಹಾಕಿ ನೋಡೋಣ. ಭೂಮಿ ಆರು ದಿನದಲ್ಲಿ ಸುಮಾರು 1.5 ಕೋಟಿ ಕಿ.ಮೀ. ಸಾಗುತ್ತದೆ. ಸೂರ್ಯ–ಭೂಮಿ ದೂರದ 40 ಪಟ್ಟು ಎಂದರೆ 600 ಕೋಟಿ ಕಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿ, ಪ್ಲೂಟೋದ ಸ್ವಂತ ನಡಿಗೆಯನ್ನು ಕಳೆದರೆ ಉಳಿಯುವುದು ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗದಷ್ಟು. ಅದೇ 400 ಪಟ್ಟು ದೂರದಲ್ಲಿದ್ದರೆ? ಆ ಪ್ಲೇಟಿನ ಮೇಲೆ ಅರ್ಧ ಮಿಲಿಮೀಟರೂ ಸರಿಯುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೆಳಕಿನದು. ಗ್ರಹಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಅಲ್ಲಿಗೆ ಹೋಗುವಾಗ ದೂರದ ವರ್ಗದಷ್ಟು ಕ್ಷೀಣಿಸುತ್ತದೆ, ಮರಳಿ ಬರುವಾಗ ಮತ್ತೆ ಅಷ್ಟೇ. ದೂರ ಹತ್ತು ಪಟ್ಟಾದರೆ ಹೊಳಪು ಹತ್ತು ಸಾವಿರದಲ್ಲಿ ಒಂದು ಪಾಲಾಗುತ್ತದೆ. ಪರೀಕ್ಷೆಗೆ ಓದುವವರು ಇದನ್ನು ಗಟ್ಟಿಮಾಡಿಕೊಳ್ಳಿ.

ಇನ್ನೊಂದು ದಾರಿ, ಗುರುತ್ವ ಸೆಳೆತದ ಲೆಕ್ಕ. ಯುರೇನಸ್ ದಾರಿ ತಪ್ಪಿದಂತೆ ಕಂಡದ್ದರಿಂದ, ಅದನ್ನು ಎಳೆಯುತ್ತಿರುವ ಗ್ರಹ ಎಲ್ಲಿರಬೇಕೆಂದು ಫ್ರಾನ್ಸಿನ ಗಣಿತಜ್ಞ ಲೆ ವೆರಿಯೆ ಲೆಕ್ಕ ಹಾಕಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಖಗೋಳಜ್ಞ ಗಾಲೆ, ಅವನು ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನನ್ನು ಕಂಡ. ಲೊವೆಲ್ ವೀಕ್ಷಣಾಲಯವನ್ನು ಕಟ್ಟಿಸಿದ ಪರ್ಸಿವಲ್ ಲೊವೆಲ್ ಕೂಡ, ಯುರೇನಸ್‌ನ ದಾರಿಯಲ್ಲಿ ಇನ್ನೂ ಉಳಿದಂತಿದ್ದ ಸಣ್ಣ ವ್ಯತ್ಯಾಸದಿಂದ, ಇದೇ ಬಗೆಯಲ್ಲಿ ‘ಪ್ಲಾನೆಟ್ ಎಕ್ಸ್’ ಇದೆಯೆಂದು ನಂಬಿದ್ದ. ಆದರೆ 1978ರಲ್ಲಿ ಶ್ಯಾರನ್ ಉಪಗ್ರಹ ಸಿಕ್ಕ ಮೇಲೆ, ಪ್ಲೂಟೋದ ದ್ರವ್ಯರಾಶಿ ಭೂಮಿಯ ನಾನೂರರಲ್ಲಿ ಒಂದು ಪಾಲೂ ಇಲ್ಲ, ಯುರೇನಸ್ಸನ್ನು ಹಾಗೆ ಎಳೆಯಲು ಅದು ಸಾಲದು ಎಂದು ತಿಳಿಯಿತು. 1989ರಲ್ಲಿ ವಾಯೇಜರ್ 2 ನೌಕೆ ನೆಪ್ಚೂನಿನ ದ್ರವ್ಯರಾಶಿಯನ್ನು ಸರಿಯಾಗಿ ಅಳೆಯಲು ನೆರವಾಯಿತು. ಹೊಸ ಅಂಕಿ ಹಾಕಿ ನೋಡಿದಾಗ ಯುರೇನಸ್‌ನ ಆ ವ್ಯತ್ಯಾಸವೇ ಮಾಯವಾಯಿತು! ಹಾಗಾಗಿ ಪ್ಲೂಟೋ ಸಿಕ್ಕಿದ್ದು ಲೊವೆಲ್‌ನ ಗಣಿತದಿಂದಲ್ಲ, ಟೊಂಬಾನ ತಾಳ್ಮೆಯಿಂದ.

ಈಗಿನ ‘ಒಂಬತ್ತನೇ ಗ್ರಹ’ದ ವಾದವನ್ನೂ ಈ ನೆನಪಿನೊಂದಿಗೇ ಓದಬೇಕು. 2016ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಬಟಿಗಿನ್ ಮತ್ತು ಬ್ರೌನ್, ಸೆಡ್ನಾ ಸೇರಿ ನೆಪ್ಚೂನ್ ಆಚೆಯ ಆರು ಪುಟ್ಟ ಕಾಯಗಳ ಉದ್ದನೆಯ ಕಕ್ಷೆಗಳು ಒಂದೇ ಕಡೆಗೆ ಚಾಚಿವೆ ಎಂದು ತೋರಿಸಿದರು. ಭೂಮಿಯ ಹಲವು ಪಟ್ಟು ದ್ರವ್ಯರಾಶಿಯ ಗ್ರಹವೊಂದು ಅವನ್ನು ಹಿಡಿದಿಟ್ಟಿದೆ ಎಂಬುದು ಅವರ ಊಹೆ. ಆಕ್ಷೇಪವೂ ಗಟ್ಟಿಯಾದದ್ದೇ. ಸೆಡ್ನಾ ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ ಸೂರ್ಯ–ಭೂಮಿ ದೂರದ 76 ಪಟ್ಟು ದೂರದಲ್ಲಿರುತ್ತದೆ. ಒಂದು ಸುತ್ತಿಗೆ ಸುಮಾರು 11,000 ವರ್ಷ. ಇಂಥವು ಹತ್ತಿರವಿದ್ದಾಗ ಮಾತ್ರ ಕಣ್ಣಿಗೆ ಬೀಳುತ್ತವೆ, ಅದೂ ನಾವು ನೋಡಿದ ಕಡೆ. ಕ್ಷೀರಪಥದ ದಟ್ಟಣೆಯಲ್ಲಿ ಹುಡುಕುವುದು ಕಷ್ಟವೆಂದು ಆ ಭಾಗ ಬಿಟ್ಟರೆ, ಸಿಕ್ಕವು ಒಂದೇ ಕಡೆ ಗುಂಪಾದಂತೆ ತೋರಬಹುದು. ಆರು ಕಾಯಗಳು ನನಗೆ ಸಾಲವು.

ಹೆಚ್ಚು ಕಾಯಗಳು ಸಿಗಲು ಈಗ ದಾರಿಯಾಗಿದೆ. ಚಿಲಿಯ ಸೆರೊ ಪಚೋನ್ ಬೆಟ್ಟದ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿತು. 8.4 ಮೀಟರ್ ದರ್ಪಣ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಕೆಲವೇ ರಾತ್ರಿಗಳಿಗೊಮ್ಮೆ ಅದೇ ಆಕಾಶವನ್ನು ಮತ್ತೆ ಚಿತ್ರಿಸಿ, ಯಾವ ಚುಕ್ಕೆ ಸರಿದಿದೆ ಎಂದು ಕಂಪ್ಯೂಟರ್ ಹೋಲಿಸುತ್ತದೆ. ಟೊಂಬಾ ಎರಡು ಗಾಜಿನ ಪ್ಲೇಟ್ ಇಟ್ಟುಕೊಂಡು ಮಾಡಿದ್ದೂ ಇದನ್ನೇ.