ಸೊಪ್ಪಿನ ಹಸಿರು, ನೇರಳೆಯ ಕಪ್ಪು ಮತ್ತು ಮಿದುಳು

ಕೋಲಾರದ ನಮ್ಮ ಕ್ಲಿನಿಕ್ಕಿಗೆ ಮರೆವಿನ ಕಾಯಿಲೆಯ ಹಿರಿಯರನ್ನು ಕರೆತರುವ ಮಕ್ಕಳಲ್ಲಿ ಕೆಲವರು ಲುಟೀನ್ (ಸೊಪ್ಪಿನಲ್ಲಿರುವ ಒಂದು ಬಣ್ಣ), ಕರ್ಕ್ಯುಮಿನ್ (ಅರಿಶಿನದ ಬಣ್ಣ) ಎಂದು ಬರೆದ ಮಾತ್ರೆ ಡಬ್ಬಿಯನ್ನೂ ತರುತ್ತಾರೆ. ‘ಸಾರ್, ಅಮ್ಮನಿಗೆ ಇದನ್ನ ಕೊಡಬಹುದಾ?’ ಇದರಿಂದ ಕಾಯಿಲೆ ನಿಲ್ಲುತ್ತದೆ ಎನ್ನಲು ಆಧಾರವಿಲ್ಲ, ದುಡ್ಡು ಉಳಿಸಿ ಎನ್ನುತ್ತೇನೆ. ಹಾಗೆಂದು ಗಿಡಗಳ ಬಣ್ಣವನ್ನೇ ತಳ್ಳಿಹಾಕುವಂತಿಲ್ಲ.

ಮಿದುಳಿನ ತೂಕ ದೇಹದ ಶೇ 2ರಷ್ಟು ಮಾತ್ರ. ಬಳಸುವ ಆಮ್ಲಜನಕ ಸುಮಾರು ಶೇ 20. ಆಗ ಹುಟ್ಟುವ ಚುರುಕು ಅಣುಗಳು (ಫ್ರೀ ರ್ಯಾಡಿಕಲ್‌ನಂಥವು) ನರಕೋಶಗಳ ಕೊಬ್ಬಿನ ಪೊರೆಯನ್ನು ಕೆಡಿಸುತ್ತವೆ. ಮರೆವು ತರುವ ಆಲ್ಝೈಮರ್, ನಡುಕ ತರುವ ಪಾರ್ಕಿನ್ಸನ್ ಎರಡರಲ್ಲೂ ಈ ಹಾನಿ ಕಾಣುತ್ತದೆ. ಬಿಸಿಲು ಹೆಚ್ಚಾದಾಗ ಎಲೆಯೊಳಗೂ ಇಂಥ ಅಣುಗಳೇ ಹುಟ್ಟುತ್ತವೆ. ಅಲ್ಲಿ ಎಲೆಯನ್ನು ಕಾಪಾಡುವ ಬಣ್ಣಗಳಲ್ಲಿ ಲುಟೀನ್ ಒಂದು. ಸೊಪ್ಪಿನ ಮೂಲಕ ನಾವು ತಿಂದ ಲುಟೀನ್ ಮಿದುಳನ್ನೂ ಸೇರುತ್ತದೆ. ನೇರಳೆಹಣ್ಣು, ಚಿಕ್ಕಬಳ್ಳಾಪುರದ ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ಕಪ್ಪು-ನೇರಳೆ ಬಣ್ಣ ಹಾಗಲ್ಲ. ಅದು ಇದ್ದ ರೂಪದಲ್ಲೇ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಉಳಿದದ್ದನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ.

ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ ಈ ಬಣ್ಣಗಳ ಫಲಿತಾಂಶ ಆಸೆ ಹುಟ್ಟಿಸುತ್ತದೆ. ಮನುಷ್ಯರ ವಿಷಯಕ್ಕೆ ಬಂದರೆ, ಅಮೆರಿಕದ ನರ್ಸ್‌ಗಳನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆಂಥೋಸಯನಿನ್ ಇರುವ ಬ್ಲೂಬೆರ್ರಿ, ಸ್ಟ್ರಾಬೆರ್ರಿ ಹೆಚ್ಚು ತಿಂದವರಲ್ಲಿ ನೆನಪು ನಿಧಾನವಾಗಿ ಕುಂದಿತ್ತು. ಅವರ ಉಳಿದ ಜೀವನಕ್ರಮವೂ ಬೇರೆ ಇದ್ದಿರಬಹುದು, ಆದ್ದರಿಂದ ಇದನ್ನು ಸುಳಿವು ಎನ್ನಬಹುದೇ ಹೊರತು ಸಾಕ್ಷಿ ಎನ್ನಲಾಗದು. ಕ್ಯಾಪ್ಸೂಲ್‌ನ ಫಲ ಇನ್ನೂ ಸಪ್ಪೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು ಐದು ವರ್ಷ ಲುಟೀನ್ ಮತ್ತು ಅದರಂಥದ್ದೇ ಬಣ್ಣವಾದ ಝಿಯಾಕ್ಸಾಂಥಿನ್ ನುಂಗಿದ ಹಿರಿಯರ ನೆನಪು ನುಂಗದವರಿಗಿಂತ ಮೇಲಾಗಲಿಲ್ಲ. ಬೀಡಿ ಸೇದುವವರಿಗೆ ನಾನು ಇನ್ನೊಂದು ಮಾತು ಹೇಳಲೇಬೇಕು: ಫಿನ್ಲೆಂಡಿನಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಕ್ಯಾರೆಟ್ಟಿನಲ್ಲಿ ಇರುವುದೂ ಅದೇ ಬಣ್ಣ, ಆದರೆ ಊಟದ ಕ್ಯಾರೆಟ್ಟಿಗೆ ಆ ಭಯ ಬೇಡ.

ಈ ಬಣ್ಣಗಳನ್ನು ಊಟದಿಂದಲೇ ಪಡೆಯಲು ನಮ್ಮ ಅಡುಗೆ ಚೆನ್ನಾಗಿ ಹೊಂದುತ್ತದೆ. ಲುಟೀನ್ ಕರಗುವುದು ಕೊಬ್ಬಿನಲ್ಲಿ, ಹಾಗಾಗಿ ಮಸ್ಸೊಪ್ಪಿಗೆ ಎಣ್ಣೆಯ ಒಗ್ಗರಣೆ ಬೇಕೇ ಬೇಕು. ಕೋಲಾರದ ಟೊಮೆಟೊವನ್ನು ಎಣ್ಣೆಯಲ್ಲಿ ಬಾಡಿಸಿದರೆ ಅದರ ಕೆಂಪು ಬಣ್ಣವಾದ ಲೈಕೊಪೀನ್ ಹಸಿಯದಕ್ಕಿಂತ ಚೆನ್ನಾಗಿ ಮೈಗೆ ಸೇರುತ್ತದೆ. ಬದನೆಯ ನೇರಳೆ ಬಣ್ಣವಿರುವುದು ಸಿಪ್ಪೆಯಲ್ಲೇ, ಹೆರೆದು ಬಿಸಾಡಬೇಡಿ.

ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಳಿಂದ ಗಮನಿಸುತ್ತಿದೆ. ಮುದ್ದೆ, ಸೊಪ್ಪು ಉಣ್ಣುವ ನಮ್ಮವರ ಬಗ್ಗೆ ಅಮೆರಿಕದ ನರ್ಸ್‌ಗಳ ಲೆಕ್ಕದಿಂದ ಎಷ್ಟೆಂದು ಊಹಿಸುವುದು? ನನಗೆ ಬೇಕಾದ ಉತ್ತರ ಇಂಥ ಅಧ್ಯಯನದಿಂದಲೇ ಬರಬೇಕು. ಅಲ್ಲಿಯವರೆಗೆ ಬಿಪಿ, ಶುಗರ್ ಹತೋಟಿಯಲ್ಲಿಡಿ, ಕಿವಿ ಮಂದವಾಗಿದ್ದರೆ ಪರೀಕ್ಷೆ ಮಾಡಿಸಿ. ಮರೆವಿನ ಅಪಾಯಕ್ಕೂ ಇವಕ್ಕೂ ಇರುವ ನಂಟಿಗೆ ಬಣ್ಣಗಳಿಗಿಂತ ಗಟ್ಟಿಯಾದ ಆಧಾರವಿದೆ.