ಹಳಸಿದ್ದು, ಕಮಟು ಹಿಡಿದದ್ದು, ಮುಗ್ಗಿದ್ದು: ಪೊಟ್ಟಣದ ಮೇಲಿನ ದಿನಾಂಕ ಬಂದ ದಾರಿ

ಕಳೆದ ವಾರ ಅಡುಗೆಮನೆಯ ಕಪಾಟು ಒರೆಸುವಾಗ ಎರಡು ವಸ್ತು ಒಟ್ಟಿಗೆ ಕೈಗೆ ಸಿಕ್ಕವು. ಒಂದು, ಅರ್ಧ ಉಳಿದ ಗೋಧಿಹಿಟ್ಟಿನ ಪೊಟ್ಟಣ. ಅದರ ಎಕ್ಸ್‌ಪೈರಿಗೆ ಇನ್ನೂ ಮೂರು ವಾರ ಇತ್ತು. ಇನ್ನೊಂದು, ಎರಡು ವರ್ಷದ ಹಿಂದೆ ಅಮ್ಮ ಕಳಿಸಿದ್ದ ಮಿಡಿ ಉಪ್ಪಿನಕಾಯಿಯ ಜಾಡಿ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅವಳ ಕೈಬರಹ: ‘ಏಪ್ರಿಲ್. ಒದ್ದೆ ಚಮಚ ಹಾಕಬೇಡ.’ ಹಿಟ್ಟಿನ ಪೊಟ್ಟಣ ಬಿಚ್ಚಿದರೆ ಮುಗ್ಗಲು ವಾಸನೆ. ಜರಡಿ ಹಿಡಿದರೆ ಹುಳ. ಉಪ್ಪಿನಕಾಯಿ ಮಾತ್ರ ಚೆನ್ನಾಗಿಯೇ ಇತ್ತು.

ನಮ್ಮ ಭಾಷೆಯಲ್ಲಿ ಎಲ್ಲವೂ ಸುಮ್ನೆ ‘ಕೆಡುವುದಿಲ್ಲ’. ಅನ್ನ ಹಳಸುತ್ತದೆ. ಹಾಲು ಒಡೆಯುತ್ತದೆ. ಮಜ್ಜಿಗೆ ಹುಳಿಯಾಗುತ್ತದೆ. ಕೊಬ್ಬರಿ ಕಮಟು ಹಿಡಿಯುತ್ತದೆ. ಹಿಟ್ಟು ಮುಗ್ಗುತ್ತದೆ. ಬ್ರೆಡ್ಡಿಗೆ ಬೂಷ್ಟು ಬರುತ್ತದೆ. ಇವೆಲ್ಲ ಬೇರೆ ಬೇರೆ ಕೆಲಸಗಳು. ಅನ್ನ ಹಳಸುವುದು ಬ್ಯಾಕ್ಟೀರಿಯಾದಿಂದ, ಅದನ್ನು ತಿಂದರೆ ಹೊಟ್ಟೆ ಕೆಡುತ್ತದೆ. ಕೊಬ್ಬರಿ ಕಮಟುವುದಕ್ಕೆ ಮುಖ್ಯ ಕಾರಣ ಅದರ ಎಣ್ಣೆಗೆ ಗಾಳಿ ತಾಗುವುದು. ರುಚಿ ಹೋಗುತ್ತದೆ, ಆದರೆ ಹಳಸಿದ ಅನ್ನದಂಥ ಅಪಾಯ ಅದರಲ್ಲಿಲ್ಲ. ಪೊಟ್ಟಣದ ದಿನಾಂಕ ಬಂದು ಇಷ್ಟೂ ಮಾತುಗಳನ್ನು ಒಂದೇ ಅಂಕಿಗೆ ಇಳಿಸಿತು.

ಆ ಅಂಕಿ ಮೊದಲು ಹುಟ್ಟಿದ್ದು ನಮಗಾಗಿ ಅಲ್ಲ, ಅಂಗಡಿಯವರಿಗಾಗಿ. ಹಳೆಯ ಸರಕು ಮೊದಲು ಮಾರಾಟವಾಗಲಿ ಎಂದು ಡಬ್ಬಗಳ ಮೇಲೆ ಗುಟ್ಟಿನ ಅಕ್ಷರ, ಅಂಕಿ ಒತ್ತುತ್ತಿದ್ದರು. ಕೊಳ್ಳುವವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆ 1950ರ ದಶಕದಲ್ಲಿ ತನ್ನ ಗೋದಾಮಿನೊಳಗೆ ಇಂಥ ದಿನಾಂಕ ಬಳಸಿತು. ಗಿರಾಕಿಗಳ ಕಣ್ಣಿಗೆ ಬೀಳುವಂತೆ ಅದು ಕಪಾಟಿಗೆ ಬಂದದ್ದು 1970ರ ದಶಕದಲ್ಲಿ. ಅದೇ ಹೊತ್ತಿಗೆ ಅಮೆರಿಕದಲ್ಲೂ ಗ್ರಾಹಕರು ‘ಗುಟ್ಟು ಬಿಡಿ, ತಾರೀಕು ಬರೆಯಿರಿ’ ಎಂದು ಪಟ್ಟು ಹಿಡಿದರು. ಆದರೂ ಇವತ್ತಿಗೂ ಅಲ್ಲಿನ ಕೇಂದ್ರ ಕಾನೂನು ಎಕ್ಸ್‌ಪೈರಿ ಕಡ್ಡಾಯ ಮಾಡಿರುವುದು ಶಿಶು ಆಹಾರದ ಪುಡಿಗೆ ಮಾತ್ರ. ಉಳಿದದ್ದು ಆಯಾ ರಾಜ್ಯದ, ಕಂಪನಿಯ ಲೆಕ್ಕ.

ನಮ್ಮಲ್ಲಿ 1977ರ ತೂಕ ಮತ್ತು ಅಳತೆಯ ನಿಯಮಗಳು ಪೊಟ್ಟಣದ ಮೇಲೆ ಅದು ತಯಾರಾದ ಅಥವಾ ಪ್ಯಾಕ್ ಆದ ತಿಂಗಳು, ವರ್ಷ ಬರೆಯಲು ಹೇಳಿದವು. 2006ರ ಆಹಾರ ಸುರಕ್ಷತಾ ಕಾಯ್ದೆ ಬಂದಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಈ ಕೆಲಸ ವಹಿಸಿಕೊಂಡಿತು. ಆಗ ನಾವು ಜಾಸ್ತಿ ನೋಡುತ್ತಿದ್ದದ್ದು ‘ಬೆಸ್ಟ್ ಬಿಫೋರ್’. ಅಂದರೆ ಅಷ್ಟರೊಳಗೆ ತಿಂದರೆ ರುಚಿ, ಗರಿಗರಿ ಎಲ್ಲ ಸರಿಯಾಗಿರುತ್ತದೆ ಎಂಬ ಮಾತು. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಬೇರೆಯೇ. ಅದು ದಾಟಿದರೆ ತಿನ್ನಬೇಡಿ ಎಂದರ್ಥ. 2020ರ ಲೇಬಲ್ ನಿಯಮ ಎಕ್ಸ್‌ಪೈರಿಯನ್ನು ಕಡ್ಡಾಯ ಮಾಡಿ, ಬೆಸ್ಟ್ ಬಿಫೋರ್ ಬೇಕಿದ್ದರೆ ಹಾಕಿಕೊಳ್ಳಿ ಎಂದಿತು. ಗೊಂದಲ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ನನಗೆ ಇದು ಒಪ್ಪಿಗೆಯಿಲ್ಲ. ಮೆತ್ತಗಾಗುವ ಬಿಸ್ಕತ್ತಿಗೂ ವಿಷವಾಗಬಲ್ಲ ಪನೀರಿಗೂ ಒಂದೇ ಪದ ಬಿದ್ದರೆ, ಒಬ್ಬರು ಒಳ್ಳೆಯ ಬಿಸ್ಕತ್ತು ಎಸೆಯುತ್ತಾರೆ, ಇನ್ನೊಬ್ಬರು ‘ಒಂದೆರಡು ದಿನ ಏನಾಗಲ್ಲ’ ಎಂದು ಪನೀರು ತಿನ್ನುತ್ತಾರೆ.

ಅದೇ ವರ್ಷ ಅಕ್ಟೋಬರ್ 1ರಿಂದ ಅಂಗಡಿಯ ಬಿಡಿ ಸಿಹಿತಿಂಡಿಯ ಟ್ರೇ ಮುಂದೆಯೂ ಬೆಸ್ಟ್ ಬಿಫೋರ್ ಬರೆಯಬೇಕೆಂದು ಆದೇಶವಾಯಿತು. ಇದು ನಿಜಕ್ಕೂ ಬೇಕಿತ್ತು. ಹಾಲಿನ ಸಿಹಿ ಒಂದೆರಡು ದಿನದ ಮಾಲು. ಮೈಸೂರುಪಾಕು ಹಾಗಲ್ಲ. ಸಕ್ಕರೆ ಪಾಕ, ತುಪ್ಪ, ಹುರಿದ ಕಡಲೆಹಿಟ್ಟು ಸೇರಿದಾಗ ಅದರಲ್ಲಿ ಸೂಕ್ಷ್ಮಜೀವಿಗೆ ಸಿಗುವ ನೀರು ತೀರಾ ಕಡಿಮೆ.

‘ಸಿಗುವ ನೀರು’ ಅನ್ನುವುದೇ ಆಹಾರದ ಆಯಸ್ಸಿನ ಲೆಕ್ಕದಲ್ಲಿ ದೊಡ್ಡ ವಿಷಯ. ಶುದ್ಧ ನೀರಿಗೆ 1 ಎಂದು ಇಟ್ಟುಕೊಂಡು ಅಳೆಯುತ್ತಾರೆ. 0.85ಕ್ಕಿಂತ ಕೆಳಗೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. 0.6ಕ್ಕಿಂತ ಕೆಳಗೆ ಬೂಷ್ಟೂ ಬೆಳೆಯುವುದಿಲ್ಲ. ಸಂಡಿಗೆ ಗಲಗಲ ಅನ್ನುವಷ್ಟು ಒಣಗಬೇಕು ಎಂದು ಅಜ್ಜಿ ಬಿಸಿಲಲ್ಲಿ ಕೂತು ಕಾಯುತ್ತಿದ್ದದ್ದು ಇದಕ್ಕೇ. ಉಪ್ಪಿನಕಾಯಿಯಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತದೆ, ಹುಳಿಯೂ ಕಾಯುತ್ತದೆ. ಒದ್ದೆ ಚಮಚ ಹಾಕಿದರೆ ಆ ಕಾವಲು ಅಲ್ಲೇ ಮುರಿಯುತ್ತದೆ.

ಮೈಸೂರಿನಲ್ಲೇ ಈ ವಿದ್ಯೆಗೆ ಎರಡು ಮನೆಗಳಿವೆ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಒಂದು. ಸೈನಿಕರ ಊಟಕ್ಕಾಗಿ 1961ರಲ್ಲಿ ಹುಟ್ಟಿದ ರಕ್ಷಣಾ ಪ್ರಯೋಗಾಲಯ ಡಿಎಫ್‌ಆರ್‌ಎಲ್ ಇನ್ನೊಂದು. ಹಿಮದ ಗಡಿಗೂ ಮರುಭೂಮಿಗೂ ಹೋಗಬೇಕಾದ ಚಪಾತಿ, ಪಲಾವ್ ತಿಂಗಳುಗಟ್ಟಲೆ ಕೆಡದಂತೆ ಮಾಡುವುದು ಅದರ ಕೆಲಸ.

ಎರಡು ವರ್ಷದ ಆಯಸ್ಸು ಹೇಳಲು ಎರಡು ವರ್ಷ ಕಾಯುತ್ತಾ ಕೂರುವುದಿಲ್ಲ. ವಸ್ತುವನ್ನು ಬೇಕೆಂದೇ ಬಿಸಿಯಲ್ಲಿಟ್ಟು ಬೇಗ ಕೆಡಿಸುತ್ತಾರೆ. ಉಷ್ಣಾಂಶ 10 ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಒರಟು ಲೆಕ್ಕ. ಮಾತ್ರೆಗಳನ್ನು 40 ಡಿಗ್ರಿ ಬಿಸಿ, ಶೇ 75ರ ತೇವದಲ್ಲಿ ಆರು ತಿಂಗಳು ಇಟ್ಟು ನೋಡುತ್ತಾರೆ. ಜೊತೆಗೆ ಮಾಮೂಲಿ ಬಿಸಿಯಲ್ಲಿ ಇಟ್ಟದ್ದನ್ನೂ ಪರೀಕ್ಷಿಸುತ್ತಾ ಹೋಗುತ್ತಾರೆ. ಈಗ ಮೇ ತಿಂಗಳ ರಾಯಚೂರು ನೆನಪಿಸಿಕೊಳ್ಳಿ. ಲ್ಯಾಬಿನಲ್ಲಿ ಬೇಗ ಕೆಡಿಸಲು ಇಡುವ 40 ಡಿಗ್ರಿ ಅಲ್ಲಿ ಮಾಮೂಲಿ ಮಧ್ಯಾಹ್ನದ ಬಿಸಿಲು. ಸ್ಟ್ರಿಪ್ ಮೇಲೆ ‘30 ಡಿಗ್ರಿಗಿಂತ ಕೆಳಗೆ ಇಡಿ’ ಎಂದಿದ್ದರೆ, ಆ ದಿನಾಂಕ ಅಷ್ಟು ತಂಪಿದ್ದಾಗ ಮಾತ್ರ ನಿಜ, ಅಲ್ವಾ?

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. 1986ರಿಂದ ಅಮೆರಿಕದ ಸೇನೆ ತನ್ನ ದಾಸ್ತಾನಿನ ಔಷಧಗಳನ್ನು ಅವಧಿ ಮುಗಿಯುವ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿಸುತ್ತಿದೆ. 2006ರಲ್ಲಿ ಪ್ರಕಟವಾದ ಲೆಕ್ಕದಂತೆ 122 ಔಷಧಗಳ 3,005 ಲಾಟ್‌ಗಳಲ್ಲಿ (ಒಂದೇ ಸಲಕ್ಕೆ ತಯಾರಾದ ಕಂತುಗಳಲ್ಲಿ) ಶೇ 88ರಷ್ಟರ ಅವಧಿಯನ್ನು ಕನಿಷ್ಠ ಒಂದು ವರ್ಷವಾದರೂ ಮುಂದಕ್ಕೆ ಹಾಕಬಹುದಿತ್ತು. ಇದನ್ನು ಓದಿ ಮನೆಯ ಹಳೇ ಮಾತ್ರೆ ನುಂಗಬೇಡಿ. ಅಲ್ಲಿನವು ಸೀಲ್ ಒಡೆಯದೆ, ಹದವಾದ ತಂಪಿನಲ್ಲಿ ಇದ್ದವು. ನಮ್ಮವು ಫ್ರಿಜ್ಜಿನ ಮೇಲೆ, ಕಿಟಕಿಯ ಪಕ್ಕ ಇರುತ್ತವೆ.

ಸೀಲ್ ಒಡೆದ ಮೇಲೆ ಹೊಸ ಗಡಿಯಾರ ಶುರು. ಕಣ್ಣಿನ ಡ್ರಾಪ್ಸ್ ಸಾಮಾನ್ಯವಾಗಿ ತೆರೆದ ನಾಲ್ಕು ವಾರಕ್ಕೆ ಬಿಸಾಡಬೇಕು, ಬಾಟಲಿಯ ಮೇಲೆ ಇನ್ನೂ ಒಂದು ವರ್ಷ ಬಾಕಿ ಇದ್ದರೂ. ನೀರು ಬೆರೆಸಿದ ಮಕ್ಕಳ ಆಂಟಿಬಯೋಟಿಕ್ ಸಿರಪ್ಪಿನಲ್ಲಿ ಹಲವಕ್ಕೆ ಒಂದು ವಾರವೇ ಆಯಸ್ಸು. ಕ್ರೀಮು, ಕಾಡಿಗೆಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ ‘6ಎಂ’, ‘12ಎಂ’ ಎಂದಿರುತ್ತದೆ. ತೆರೆದ ಮೇಲೆ ಇಷ್ಟು ತಿಂಗಳು ಎಂದು. ಆ ಗುರುತು 2003ರ ಯುರೋಪಿನ ಕಾನೂನಿನಿಂದ ಬಂದದ್ದು. ತೆರೆದ ದಿನ ಮಾತ್ರ ಯಾವ ಕಂಪನಿಯೂ ಬರೆದುಕೊಡಲಾರದು. ನಾನೀಗ ಸ್ಕೆಚ್ ಪೆನ್ ಅನ್ನು ಕಪಾಟಿನ ಬಾಗಿಲಿಗೇ ದಾರ ಕಟ್ಟಿ ತೂಗುಹಾಕಿದ್ದೇನೆ.

ಹಳೆಯ ಗುಟ್ಟಿನ ಸಂಕೇತ ಒಂದು ಕಡೆ ಇನ್ನೂ ಉಳಿದಿದೆ, ನಮ್ಮ ಗ್ಯಾಸ್ ಸಿಲಿಂಡರಿನ ಮೇಲೆ. ಹಿಡಿಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ‘ಬಿ-27’ ಎಂದು ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ. ಅಂಕಿ ವರ್ಷದ್ದು. ಇದು ಗ್ಯಾಸಿನ ಎಕ್ಸ್‌ಪೈರಿ ಅಲ್ಲ. ಅಷ್ಟರೊಳಗೆ ಆ ಉಕ್ಕಿನ ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕು ಎಂಬ ಗುರುತು. ಅವಧಿ ದಾಟಿದ್ದರೆ ತಂದವರಿಗೇ ವಾಪಸ್ ಕೊಡಿ. ಹಾಗೇ ಬಗ್ಗಿ ಒಲೆಗೆ ಹೋಗುವ ಕಿತ್ತಳೆ ಬಣ್ಣದ ಪೈಪನ್ನೂ ನೋಡಿ. ಅದನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಕಪಾಟು ಒರೆಸಿದ ದಿನವೇ ನಮ್ಮ ಮನೆಯದ್ದನ್ನೂ ನೋಡಿದೆ. ಏಳು ವರ್ಷವಾಗಿತ್ತು. ಸಂಜೆಯೇ ಬದಲಿಸಿದೆವು.