ಮೊದಲು ಸ್ಟೂಲ್ ಹತ್ತಿರ ಎಳೆಯಿರಿ

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದ ಹಾಗೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಸಾರ್, ಊರಿಗೆ ಬರ್ತಾ ಇದ್ದೇನೆ. ಅಜ್ಜ ಬಾಳೋಪಾಟ್ ಹಾಡುವುದನ್ನು ರೆಕಾರ್ಡ್ ಮಾಡಿ ಇಡಬೇಕು. 96 ಕಿಲೋಹರ್ಟ್ಸ್ ಇರುವ ರೆಕಾರ್ಡರ್ ಸಾಕಾ, 192 ಇರುವುದೇ ಬೇಕಾ?" ರೆಕಾರ್ಡರ್ ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತದೆ ಎನ್ನುವ ಲೆಕ್ಕ ಅದು.

ಆಸೆ ಒಳ್ಳೆಯದು. ಅದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ನಮ್ಮ ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಜೇನುಕುರುಬರ ಮಾತು ಎಲ್ಲವೂ ಹಿರಿಯರ ಬಾಯಲ್ಲಿಯೇ ಜಾಸ್ತಿ ಉಳಿದಿವೆ. ಬಾಳೋಪಾಟ್ ಎನ್ನುವ ಕೊಡವರ ಹಾಡಿನ ಪದಗಳನ್ನು ಬರೆದಿಡಬಹುದು. ನಾಲ್ಕು ಜನ ದುಡಿ ಬಡಿಯುತ್ತಾ ಹಾಡುವಾಗ ಎಲ್ಲಿ ಎಳೆಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎನ್ನುವುದನ್ನು ಪೆನ್ನಿನಲ್ಲಿ ಬರೆಯಲು ಆಗುವುದಿಲ್ಲ. ಆದರೆ ಇಷ್ಟು ವರ್ಷ ಧ್ವನಿಮುದ್ರಣದ ಕೆಲಸ ಮಾಡಿದ್ದರಲ್ಲಿ, "ಅಜ್ಜ ಎಲ್ಲಿ ಕೂರುತ್ತಾರೆ, ರೆಕಾರ್ಡರನ್ನು ಎಲ್ಲಿ ಇಡಲಿ?" ಎಂದು ಮೊದಲು ಕೇಳಿದವರು ನಾಲ್ಕೈದು ಜನ ಸಿಕ್ಕಿದರೆ ಹೆಚ್ಚು.

ಒಂದು ಮನೆಯ ಕಥೆ ಹೇಳುತ್ತೇನೆ. ಭಾಗಮಂಡಲದ ಕಡೆಯವರು, ಮನೆಮಾತು ಅರೆಭಾಷೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗ ಹೊಸ ರೆಕಾರ್ಡರ್ ಕೊಂಡು ಆಟಿ ತಿಂಗಳ 18ಕ್ಕೆ ಊರಿಗೆ ಬಂದಿದ್ದ. ಆಗಸ್ಟ್ ಮೊದಲ ವಾರ, ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸದ ದಿನ. ಅಜ್ಜಿ ಜಗಲಿಯಲ್ಲಿ ಕೂತು ಯಾವ ಸೊಪ್ಪು ಯಾವ ತಿಂಗಳು, ಯಾವುದನ್ನು ಮುಟ್ಟಬಾರದು ಅಂತ ಎರಡು ಗಂಟೆ ಹೇಳಿದ್ದಾರೆ. ಇವನು ರೆಕಾರ್ಡರನ್ನು ತನ್ನ ಪಕ್ಕದ ಟೀಪಾಯ್ ಮೇಲೆ ಇಟ್ಟುಕೊಂಡಿದ್ದ. ಅಜ್ಜಿ ಇದ್ದದ್ದು ಹತ್ತು ಅಡಿ ದೂರ. ಮೇಲೆ ಶೀಟಿನ ಮಾಡು. ಹೊರಗೆ ನಮ್ಮ ಆಟಿ ಮಳೆ.

96 ಕಿಲೋಹರ್ಟ್ಸ್, 24 ಬಿಟ್ (ಒಂದೊಂದು ಅಳತೆ ಎಷ್ಟು ನಯ ಎನ್ನುವುದು), ಸ್ಟೀರಿಯೋ. ಗಂಟೆಗೆ ಸುಮಾರು 2 ಜಿಬಿಯಂತೆ 4 ಜಿಬಿ ಫೈಲ್ ತಂದು ಮುಂದಿಟ್ಟು, "ಸಾರ್, ಮಳೆ ತೆಗೆದುಕೊಡಿ" ಎಂದ. ಹಾಕಿ ಕೇಳಿದೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಅವನದೇ "ಹ್ಞೂಂ, ಹ್ಞೂಂ". ನಂತರ ಮಳೆ. ಅಜ್ಜಿ ಎಲ್ಲೋ ಮಳೆಯ ಹಿಂದೆ.

ಮಳೆಯನ್ನು ಯಾಕೆ ತೆಗೆಯಲು ಆಗುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ಶೀಟಿನ ಮೇಲೆ ಬೀಳುವ ಮಳೆ ಮಾಡುವ ಸದ್ದು "ಶ್ಶ್ಶ್". ನಾವು ಬಾಯಲ್ಲಿ "ಸ", "ಶ" ಅನ್ನುವಾಗ ಮಾಡುವುದೂ ಅಂಥದ್ದೇ ಸದ್ದು. ಸಾಫ್ಟ್‌ವೇರ್‌ಗೆ ಮಳೆ ಕಳೆ ಎಂದರೆ ಅದು ಜೊತೆಯಲ್ಲಿ "ಸ"ವನ್ನೂ ಕಳೆಯುತ್ತದೆ. ಅಜ್ಜಿ "ಸೊಪ್ಪು" ಅಂದದ್ದು "ಒಪ್ಪು" ಆಗುತ್ತದೆ. ಈಗಿನ ಸಾಫ್ಟ್‌ವೇರ್ ಮೊದಲಿಗಿಂತ ಎಷ್ಟೋ ಜಾಣ, ನಿಜ. ಆದರೂ ಮಳೆ ಮತ್ತು ಮಾತು ಸಮಸಮ ಇದ್ದರೆ ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಈಗ ದೂರದ ಲೆಕ್ಕ. ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ. ಮಾತಾಡುವವರಿಂದ ಮೈಕಿಗೆ ಇರುವ ದೂರ ಅರ್ಧ ಆದಾಗೆಲ್ಲ ಅವರ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಹತ್ತು ಅಡಿಯಿಂದ ಐದು ಅಡಿಗೆ ಬಂದರೆ 6. ಐದರಿಂದ ಎರಡೂವರೆಗೆ ಇನ್ನೊಂದು 6. ಎರಡೂವರೆಯಿಂದ ಒಂದೂಕಾಲು ಅಡಿಗೆ ಮತ್ತೊಂದು 6. ಒಟ್ಟು 18. ಮಳೆ ಎಲ್ಲ ಕಡೆಯಿಂದ ಬರುವುದರಿಂದ ಅದು ಇದ್ದಷ್ಟೇ ಇರುತ್ತದೆ. ಅಂದರೆ ಸ್ಟೂಲ್ ಹತ್ತಿರ ಎಳೆದದ್ದಕ್ಕೇ ಅಜ್ಜಿ ಮಳೆಗಿಂತ 18 ಡೆಸಿಬಲ್ ಮುಂದೆ ಬಂದರು. ಮನೆಯೊಳಗೆ ಗೋಡೆಗೆ ಬಡಿದು ಬರುವ ಸದ್ದೂ ಸೇರುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ಇಷ್ಟೇ ಅಂತ ಹಿಡಿದುಕೊಳ್ಳಬೇಡಿ. ಆದರೆ ಮೂರು ಪಟ್ಟು ದುಡ್ಡು ಕೊಟ್ಟು ತಂದ ರೆಕಾರ್ಡರ್ ಹತ್ತು ಅಡಿ ದೂರದಲ್ಲಿ ಕೂತರೆ ಈ ಕೆಲಸ ಮಾಡುವುದಿಲ್ಲ. ಕ್ಯಾಮೆರಾದಲ್ಲಿ ದೂರದ್ದನ್ನು ಹತ್ತಿರ ಎಳೆದ ಹಾಗೆ ಇದರಲ್ಲಿ ಎಳೆಯಲು ಬರುವುದಿಲ್ಲ. ಒಬ್ಬರು "ಇದು ಜೂಮ್ ಅಲ್ವಾ ಸಾರ್, ಎಳೆಯುತ್ತೆ ಅಂದುಕೊಂಡೆ" ಎಂದಿದ್ದರು. ಜೂಮ್ ಎನ್ನುವುದು ಜಪಾನಿನ ಒಂದು ಕಂಪನಿಯ ಹೆಸರು, ಅಷ್ಟೇ.

ಕಿಲೋಹರ್ಟ್ಸ್ ವಿಷಯ ಬೇಗ ಮುಗಿಸುತ್ತೇನೆ. 48ರಲ್ಲಿ ಮಾಡಿದರೆ ಅದರ ಅರ್ಧ, ಅಂದರೆ 24 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯಬಹುದು. ಮನುಷ್ಯರ ಕಿವಿ ಚಿಕ್ಕ ವಯಸ್ಸಿನಲ್ಲೇ 20 ಕಿಲೋಹರ್ಟ್ಸ್ ಆಸುಪಾಸಿಗೆ ನಿಲ್ಲುತ್ತದೆ, ವಯಸ್ಸಾದ ಹಾಗೆ ಇನ್ನೂ ಇಳಿಯುತ್ತದೆ. ಬಾವಲಿಯ ಸದ್ದು ಹಿಡಿಯುವವರಿಗೆ 192 ಬೇಕಾಗಬಹುದು, ಅವರಿಗೆ ಮೈಕೂ ಬೇರೆಯೇ ಬೇಕು. ಅಜ್ಜಿಗೆ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಇಡುವ ಬಗೆ) ಸಾಕು. ಗಂಟೆಗೆ ಸುಮಾರು 1 ಜಿಬಿ. 32 ಜಿಬಿ ಕಾರ್ಡಿನಲ್ಲಿ ಒಂದು ಹಬ್ಬದ ಮಾತೆಲ್ಲ ಹಿಡಿಯುತ್ತದೆ.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ನಾನಾದರೆ ಮೊದಲು ಹೆಡ್‌ಫೋನ್ ಹಾಕಿಕೊಂಡು, ಗದ್ದಲ ಇಲ್ಲದ ಮೂಲೆಗೆ ಹೋಗಿ, ಲೆವೆಲ್, ಅಂದರೆ ರೆಕಾರ್ಡರ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಎನ್ನುವುದನ್ನು, ಪೂರ್ತಿ ಏರಿಸಿ ಸುಮ್ನೆ ಕೇಳುತ್ತೇನೆ. ಪ್ರತಿ ರೆಕಾರ್ಡರಿಗೂ ತನ್ನದೇ ಒಂದು "ಸ್ಸ್" ಇರುತ್ತದೆ. ಮೆಲ್ಲಗೆ ಮಾತಾಡುವ ಹಿರಿಯರ ದನಿಗೆ ಈ "ಸ್ಸ್" ಕಡಿಮೆ ಇರುವುದು ಬೇಕು. ನಂತರ ಬ್ಯಾಟರಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಸಂತೆಯಲ್ಲೂ ಸಿಗುವ ಪೆನ್ಸಿಲ್ ಸೆಲ್ (ಎಎ) ಹಾಕುವಂಥದ್ದನ್ನೇ ನಾನು ಹೇಳುವುದು. ಟಾಸ್ಕಾಮ್ ಡಿಆರ್-05ಎಕ್ಸ್ ಎರಡು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ. ಅದರ ಮೈಕ್ ಎಲ್ಲ ಕಡೆಯಿಂದಲೂ ಸದ್ದು ಹಿಡಿಯುವ ಜಾತಿಯದ್ದು. ಅಂಥ ಮೈಕಿಗೆ ಗಾಳಿಯ ಕಾಟ ಸ್ವಲ್ಪ ಕಡಿಮೆ. ಜೂಮ್ ಎಚ್1ಎನ್‌ಗೆ ಅದಕ್ಕಿಂತ ಸಣ್ಣ ಸೆಲ್ (ಎಎಎ) ಎರಡು ಸಾಕು. ಎರಡರಲ್ಲೂ ಹೊರಗಿನ ಕಾಲರ್ ಮೈಕ್ ಸಿಕ್ಕಿಸುವ ತೂತು ಇದೆ. ಆ ತೂತು ಇಲ್ಲದ್ದನ್ನು ಕೊಳ್ಳಬೇಡಿ. ಅಜ್ಜನ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರುತ್ತದೆ, ಲೆಕ್ಕ ಮತ್ತೆ ಅದೇ. ಹೊರಗೆ ಮಾಡುವವರು ತುಪ್ಪಳದ ಗಾಳಿ ಕವರ್ ಕೊಳ್ಳಿ. ಸ್ಪಂಜಿನದು ನಮ್ಮ ಬೆಟ್ಟದ ಗಾಳಿಗೆ ಸಾಲದು. ಉಪಯೋಗಿಸದಾಗ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಜುಲೈನಲ್ಲಿ ಬೀರುವಿನ ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ನಮ್ಮದು.

ಇತ್ತೀಚೆಗೆ 32 ಬಿಟ್ ಫ್ಲೋಟ್ ಬಂದಿದೆ, ತೀರಾ ಮೆಲ್ಲಗಿನ ಸದ್ದನ್ನೂ ತೀರಾ ಜೋರಿನದನ್ನೂ ಒಂದೇ ಫೈಲಿನಲ್ಲಿ ಹಿಡಿಯುವ ಬಗೆ. "ಲೆವೆಲ್ ಇಡುವುದೇ ಬೇಡವಂತೆ" ಎಂದು ಕೇಳುತ್ತಾರೆ. ಒಳ್ಳೆಯ ಅನುಕೂಲ, ನಾನೂ ಬಳಸುತ್ತೇನೆ. ಮಾತಿನ ಮಧ್ಯೆ ಅಂಗಳದಲ್ಲಿ ಇದ್ದಕ್ಕಿದ್ದ ಹಾಗೆ ವಾಲಗ ಶುರುವಾದರೂ ರೆಕಾರ್ಡಿಂಗ್ ಒಡೆಯುವುದಿಲ್ಲ, ಆಮೇಲೆ ಇಳಿಸಿಕೊಳ್ಳಬಹುದು. ಆದರೆ ಹುತ್ತರಿಯಲ್ಲಿ ಕದಿರು ತೆಗೆಯುವಾಗ "ಪೊಲಿ ಪೊಲಿ ದೇವಾ" ಎನ್ನುತ್ತಾ ಕೋವಿ ಹಾರಿಸುತ್ತಾರಲ್ಲ, ಅದು ಹತ್ತಿರದಲ್ಲಿ 140 ಡೆಸಿಬಲ್ ದಾಟುತ್ತದೆ. ಇಂಥ ರೆಕಾರ್ಡರುಗಳ ಮೈಕ್ ಸಾಮಾನ್ಯವಾಗಿ 120ರ ಆಸುಪಾಸಿನಲ್ಲೇ ಸೋಲುತ್ತದೆ. ಮೈಕಿನಲ್ಲೇ ಒಡೆದ ಸದ್ದನ್ನು ಯಾವ ಬಿಟ್ಟೂ ಜೋಡಿಸುವುದಿಲ್ಲ. ಕೋವಿಯಿಂದ ದೂರ ನಿಲ್ಲಿ. ಮತ್ತೆ, ಹತ್ತು ಅಡಿ ದೂರದ ಅಜ್ಜಿ 32 ಬಿಟ್‌ನಲ್ಲೂ ಹತ್ತು ಅಡಿ ದೂರವೇ.

ದುಡ್ಡು ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ. ಒಂದು ಅಡಿ ದೂರದಲ್ಲಿ, ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟ ಮಾಮೂಲಿ ಫೋನು ಹತ್ತು ಅಡಿ ದೂರದ ದುಬಾರಿ ರೆಕಾರ್ಡರನ್ನು ಸೋಲಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ರೆಕಾರ್ಡರ್ ಬರುವವರೆಗೆ ಕಾಯಬೇಡಿ. ಹಿರಿಯರು ಇದ್ದಾಗಲೇ ಆಗಬೇಕಾದ ಕೆಲಸ ಇದು.

ಆ ಮೊಮ್ಮಗನಿಗೆ ಡಿಸೆಂಬರಿನಲ್ಲಿ ಮತ್ತೆ ಬಾ ಎಂದೆ. ಬಂದ. ನಾನೂ ಜೊತೆಗೆ ಹೋದೆ. ಕೆಲಸದವರು ತೋಟಕ್ಕೆ ಹೋದ ಮೇಲೆ, ಫ್ರಿಜ್ ಆಫ್ ಮಾಡಿ, ನಡುಮನೆಯಲ್ಲಿ ಕೂತೆವು. ಅಜ್ಜಿಯ ಮುಂದೆ ಒಂದು ಸ್ಟೂಲ್, ಅದರ ಮೇಲೆ ಮಡಿಸಿದ ಟವೆಲ್, ಟವೆಲ್ ಮೇಲೆ ಅದೇ ರೆಕಾರ್ಡರ್. 48ಕ್ಕೆ ಇಳಿಸಿದೆ. ಜೋರಾಗಿ ಮಾತಾಡಿದಾಗ ಮೀಟರ್ ಮೈನಸ್ 12ರ ಹತ್ತಿರ ಬರುವ ಹಾಗೆ ಲೆವೆಲ್ ಇಟ್ಟೆ (ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ). "ಹ್ಞೂಂ ಅನ್ನಬೇಡ, ತಲೆ ಆಡಿಸು ಸಾಕು" ಎಂದು ಅವನಿಗೆ ಹೇಳಿದೆ. ಅಜ್ಜಿ ಮೊದಲು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಹತ್ತು ನಿಮಿಷದಲ್ಲಿ ಮರೆತರು. ಆಟಿಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು, ಬಿಟ್ಟುಹೋಗಿದ್ದ ಎರಡು ಸೊಪ್ಪಿನ ಹೆಸರನ್ನೂ ಸೇರಿಸಿದರು. ಸಂಜೆ ಮೊಮ್ಮಗ ಹೆಡ್‌ಫೋನ್ ಹಾಕಿಕೊಂಡು ಅದೇ ಜಾಗವನ್ನು ಮೂರು ಸಲ ಹಿಂದಕ್ಕೆ ಎಳೆದು ಕೇಳಿದ. "ಸೊಪ್ಪು" ಅಂದಾಗ "ಸ" ಪೂರ್ತಿ ಇತ್ತು.